ಬಿಟ್ಟು ಬಿಟ್ಟು ಕೆಡುವ ದೋಣಿಯ ಯಂತ್ರ

ಎಡೆಬಿಡದೆ ಕಾಯುವ ಜ್ವರಕ್ಕಿಂತ ಬಿಟ್ಟು ಬಿಟ್ಟು ಬರುವ ಚಳಿಜ್ವರವನ್ನು ಗುರುತಿಸುವುದು ಕಷ್ಟ. ವೈದ್ಯನು ಬರುವ ಹೊತ್ತಿಗೆ ರೋಗಿಯು ಎದ್ದು ಕುಳಿತು ಗಂಜಿ ಕುಡಿಯುತ್ತಿರುತ್ತಾನೆ. ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಯಂತ್ರಕ್ಕೆ ಬರುವ ಕೆಲವು ಕೇಡುಗಳೂ ಇದೇ ಜಾತಿಯವು. ಕಡಲಿನಲ್ಲಿ ಕೆಮ್ಮಿ ಕೆಮ್ಮಿ ನಿಂತ ಯಂತ್ರವು ದಡದಲ್ಲಿ ಮಿಸ್ತ್ರಿಯ ಮುಂದೆ ಹಗ್ಗದ ಮೊದಲ ಎಳೆತಕ್ಕೇ ಹೊರಟು ಸೊಗಸಾಗಿ ಓಡುವುದು. "ಇದರಲ್ಲಿ ದೋಷವೇನೂ ಕಾಣಿಸದು" ಎಂದು ಮಿಸ್ತ್ರಿಯು ಹೇಳುವನು. ತಾಂಡೇಲನು ಮರುದಿನ ಬೆಳಗಿನ ಜಾವ ಪುನಃ ಕಡಲಿಗಿಳಿಯುವನು.

ಅಪಾಯವಿರುವುದು ಇಲ್ಲಿಯೇ. ಪೂರ್ತಿ ಕೆಟ್ಟ ಯಂತ್ರವು ದೋಣಿಯನ್ನು ದಡದಲ್ಲಿಯೇ ಉಳಿಸುತ್ತದೆ. ಆಗಾಗ ಕೆಡುವ ಯಂತ್ರವಾದರೋ ನಂಬಿಸಿ ನಡುನೀರಿಗೆ ಕರೆದೊಯ್ಯುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೊಡ್ಡ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧವಾದರೂ, ಸಣ್ಣ ಯಂತ್ರ ಕಟ್ಟಿದ ನಾಡದೋಣಿಗಳು ಆ ಮಳೆಗಾಲದಲ್ಲಿಯೂ ಹೋಗುತ್ತವೆ. ಗಂಗೊಳ್ಳಿ, ಹೊನ್ನಾವರಗಳಂತಹ ಅಳಿವೆಗಳಲ್ಲಿ ಹೊಳೆಯ ಸೆಳೆತವೂ ಕಡಲಿನ ತೆರೆಯೂ ಮರಳದಿಬ್ಬದ ಮೇಲೆ ಇದಿರುಬದಿರಾಗುವಾಗ ಯಂತ್ರವು ಅರೆಗಳಿಗೆ ನಿಂತರೂ ಸಾಕು, ದೋಣಿಯು ತೆರೆಗೆ ಅಡ್ಡವಾಗಿ ತಿರುಗಿ ಮಗುಚಬಹುದು. ಆದಕಾರಣ ದೋಣಿಯುಳ್ಳ ಮನೆಯವರು ಈ ಕೇಡಿನ ಜಾಡು ಹಿಡಿಯುವ ಕ್ರಮವನ್ನು ಅರಿತಿರತಕ್ಕದ್ದು ಅವಶ್ಯವಾಗಿದೆ.

ಮೊದಲನೆಯ ನಿಯಮವೇನೆಂದರೆ, ಕಂಡಕಂಡ ಭಾಗಗಳನ್ನೆಲ್ಲ ಒಮ್ಮೆಗೇ ಬದಲಿಸಬಾರದು. ಹಾಗೆ ಮಾಡಿದರೆ ಹಣವೂ ಹೋಗುವುದು, ಯಾವುದರಿಂದ ಗುಣವಾಯಿತೆಂಬುದೂ ತಿಳಿಯದು. ಜಾಣನಾದ ವೈದ್ಯನು ಮದ್ದಿಗಿಂತ ಮೊದಲು "ಜ್ವರ ಯಾವ ಹೊತ್ತಿಗೆ ಏರುತ್ತದೆ?" ಎಂದು ಕೇಳುವನಷ್ಟೆ. ಅದರಂತೆ ನಾವೂ ಕೇಳಬೇಕು: ಹೊರಟ ಎಷ್ಟು ಹೊತ್ತಿನ ಮೇಲೆ ಯಂತ್ರವು ಸೊರಗಿತು? ವೇಗದಲ್ಲಿಯೋ, ನಿಧಾನದಲ್ಲಿಯೋ? ತಿಳಿನೀರಿನಲ್ಲಿಯೋ, ಅಲೆಯಲ್ಲಿಯೋ? ಎಷ್ಟು ಹೊತ್ತು ಬಿಟ್ಟ ಬಳಿಕ ಮತ್ತೆ ಹೊರಟಿತು? ಇವನ್ನು ಮಕ್ಕಳ ಹಳೆಯ ಕಾಪಿಪುಸ್ತಕವೊಂದರಲ್ಲಿ ಗುರುತು ಹಾಕಿಟ್ಟರೆ ಮಿಸ್ತ್ರಿಯ ಅರ್ಧ ಕೆಲಸ ಮುಗಿದಂತೆಯೇ.

ಇಂತಹ ಕೇಡಿಗೆ ಮೊದಲು ನೋಡತಕ್ಕದ್ದು ಎಣ್ಣೆಯ ದಾರಿಯನ್ನು. ತೊಟ್ಟಿಯ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ರಂಧ್ರವಿರುತ್ತದೆ. ಅದು ಮುಚ್ಚಿದ್ದರೆ ಎಣ್ಣೆ ಇಳಿದಂತೆಲ್ಲ ತೊಟ್ಟಿಯೊಳಗೆ ನಿರ್ವಾತವುಂಟಾಗಿ, ಕೆಲಹೊತ್ತಿನ ಬಳಿಕ ಯಂತ್ರಕ್ಕೆ ಎಣ್ಣೆಯೇರದು. ನಿಂತ ಮೇಲೆ ಗಾಳಿಯು ಮೆಲ್ಲಗೆ ಒಳನುಸುಳುವುದರಿಂದ ಯಂತ್ರವು ಮತ್ತೆ ಹೊರಡುವುದು. ಸೊರಗಿದಾಗ ಮುಚ್ಚಳವನ್ನು ಸಡಿಲಿಸಿರಿ. ಉಸ್ಸೆಂದು ಗಾಳಿ ಒಳನುಗ್ಗಿ ಯಂತ್ರವು ಚೇತರಿಸಿದರೆ ಕಾರಣ ಸಿಕ್ಕಿತು.

ಮುಚ್ಚಳ ಸರಿಯಿದ್ದರೆ ಕೊಳವೆಯ ನಡುವಣ ರಬ್ಬರಿನ ಉಂಡೆಯನ್ನು ನೋಡಬೇಕು. ಓಡುವಾಗ ಅದು ಚಪ್ಪಟೆಯಾದರೆ ತಡೆಯು ತೊಟ್ಟಿಯ ಕಡೆಗಿದೆ. ಯಂತ್ರವು ಸೊರಗುವ ಕ್ಷಣದಲ್ಲಿಯೇ ಅದನ್ನು ಅದುಮಿದಾಗ ಚೇತರಿಕೆ ಕಂಡರೆ ಕೊಳವೆಯಲ್ಲಿ ಗಾಳಿ ಸೇರುತ್ತಿರಬಹುದು, ಅಥವಾ ಎಣ್ಣೆಯ ಪಂಪು ಸೋತಿರಬಹುದು. ಅದುಮಿದರೂ ಫಲವಿಲ್ಲದಿದ್ದರೆ ಕಿಡಿಯ ಕಡೆಗೆ ಸಂಶಯ ತಿರುಗಬೇಕು.

ಅಲೆಯೆದ್ದಾಗ ಮಾತ್ರ ಕೆಮ್ಮುವ ಯಂತ್ರದ ಎಣ್ಣೆಯಲ್ಲಿ ನೀರು ಬೆರೆತಿರುವ ಸಂಭವ ಹೆಚ್ಚು. ಪೆಟ್ರೋಲಿಗಿಂತಲೂ ಸೀಮೆಎಣ್ಣೆಗಿಂತಲೂ ನೀರು ಭಾರವಾದುದರಿಂದ ತಳದಲ್ಲಿ ನಿಂತಿರುತ್ತದೆ; ದೋಣಿ ಕುಲುಕಿದಾಗ ಎದ್ದು ಕೊಳವೆಗೆ ಸೇರುತ್ತದೆ. ತಳದ ಎಣ್ಣೆಯನ್ನು ಗಾಜಿನ ಸೀಸೆಗೆ ಬಗ್ಗಿಸಿ ಸ್ವಲ್ಪ ಹೊತ್ತು ಇಟ್ಟರೆ ನೀರು ಬೇರೆಯಾಗಿ ಕಾಣುವುದು. ಅರೆತುಂಬಿದ ತೊಟ್ಟಿಯಲ್ಲಿ ಮಳೆಗಾಲದ ತೇವವೇ ನೀರಾಗಿ ಇಳಿಯುತ್ತದೆ. ಇತ್ತೀಚಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದಾದುದರಿಂದ ಬಹುದಿನ ಇಟ್ಟ ಪೆಟ್ರೋಲನ್ನು ನಂಬಲಾಗದು.

ತಣ್ಣಗಿದ್ದಾಗ ಓಡಿ, ಬಿಸಿಯೇರಿದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಹೊರಡುವ ಯಂತ್ರದಲ್ಲಿ ಕಿಡಿ ಹುಟ್ಟಿಸುವ ಕಾಯಿಲನ್ನು ಪರೀಕ್ಷಿಸಬೇಕು. ಅದರೊಳಗಿನ ತಂತಿಯ ಸಣ್ಣ ಬಿರುಕು ಬಿಸಿಗೆ ಅಗಲಿ, ತಂಪಿಗೆ ಕೂಡಿಕೊಳ್ಳುವುದುಂಟು. ಉಪ್ಪಿನ ಗಾಳಿಗೆ ಕಿಲುಬು ಹಿಡಿದ ತಂತಿಯ ಕೂಡುಗಳೂ ಮಸಿ ಹಿಡಿದ ಪ್ಲಗ್ಗುಗಳೂ ಇಂತಹುದೇ ಆಟವಾಡುತ್ತವೆ. ಯಂತ್ರದಿಂದ ಹೊರಚಿಮ್ಮುವ ತಂಪುನೀರಿನ ಧಾರೆಯು ಸಣ್ಣದಾಗಿದ್ದರೆ ಮರಳೋ ಸವೆದ ರಬ್ಬರಿನ ಚಕ್ರವೋ ಕಾರಣವಾಗಿದ್ದು, ಯಂತ್ರವು ಬಿಸಿಯೇರಿ ಸೋಲುತ್ತಿದೆಯೆಂದು ತಿಳಿಯಬೇಕು. ಯಂತ್ರದ ಸದ್ದು ಏರಿದರೂ ದೋಣಿ ಮುಂದೆ ಸರಿಯದಿದ್ದರೆ ದೋಷವು ಪ್ರೊಪೆಲ್ಲರಿನ ನಡುವಣ ರಬ್ಬರಿನಲ್ಲಿರಬಹುದು.

ಈ ಪರೀಕ್ಷೆಗಳನ್ನು ಅಳಿವೆಯಿಂದ ದೂರವಾದ ತಿಳಿನೀರಿನಲ್ಲಿ, ಇಬ್ಬರು ಕೂಡಿ ಮಾಡತಕ್ಕದ್ದು. ಎಣ್ಣೆಯ ಬಳಿ ಬೆಂಕಿಕಡ್ಡಿ, ಬೀಡಿ ಸಲ್ಲವು. ನೀರಿಲ್ಲದೆ ಯಂತ್ರವನ್ನು ಓಡಿಸಿದರೆ ರಬ್ಬರಿನ ಚಕ್ರವು ಅಲ್ಪಕಾಲದಲ್ಲಿಯೇ ಸುಟ್ಟುಹೋಗುವುದು.

ಕಾರಣ ಗೊತ್ತಾಗುವವರೆಗೆ ಆ ಯಂತ್ರವನ್ನು ನಂಬಿ ಅಳಿವೆ ದಾಟಬಾರದು. "ನಿನ್ನೆ ಸರಿಯಾಗಿ ಓಡಿತು" ಎಂಬುದು ಗುಣವಾದುದಕ್ಕೆ ಸಾಕ್ಷಿಯಲ್ಲ. ಒಂದು ದಿನದ ಮೀನು ತಪ್ಪಿದರೆ ಮರುದಿನ ಹಿಡಿಯಬಹುದು. ಯಂತ್ರ ಸರಿಯಿದ್ದ ದಿನವೂ ದೋಣಿಯಲ್ಲಿ ಹುಟ್ಟು, ಲಂಗರು, ಒಬ್ಬೊಬ್ಬರಿಗೂ ಒಂದೊಂದು ಜೀವರಕ್ಷಕ ಅಂಗಿ ಇವೆಯೇ ಎಂದು ಮನೆಯವರು ಕೇಳಿಯೇ ಕಳುಹಿಸುವುದು ಒಳ್ಳೆಯ ರೂಢಿ.