ಸಿದ್ದಾಪುರದ ಒತ್ತು ಕಳಚಿದ ಕತೆ

ಸೆಪ್ಟೆಂಬರ್ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಡಿಟಿಪಿ ಅಂಗಡಿಗಳಿಗೆ ಸಹಕಾರಿ ಸಂಘಗಳ ವಾರ್ಷಿಕ ವರದಿಗಳ ಸುಗ್ಗಿ. ತಿಂಗಳೊಳಗೆ ಮಹಾಸಭೆ ಮುಗಿಯಬೇಕು. ವರ್ಡಿನಲ್ಲಿ ಟೈಪು ಮಾಡಿಸಿದ ವರದಿ ಪೆನ್‌ಡ್ರೈವ್ ಏರಿ ಅಂಗಡಿಗೆ ಬರುತ್ತದೆ. ಆಪರೇಟರ್ ಪುಟ ಜೋಡಿಸುವ ಪೇಜ್‌ಮೇಕರಿನಲ್ಲಿ 'ಪ್ಲೇಸ್' ಒತ್ತುತ್ತಾರೆ. ಎಷ್ಟೋ ಸಲ ಪುಟದ ತುಂಬ ಕಾಣುವುದು ಬರೀ ಹುಳಹುಪ್ಪಡಿ.

ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ, ಆಲ್ಡಸ್ ಕಂಪನಿಯಲ್ಲಿ. 1994ರಲ್ಲಿ ಅದು ಅಡೋಬಿಯ ಪಾಲಾಯಿತು. ಅದರ ಲೆಕ್ಕದಲ್ಲಿ ಕನ್ನಡವೆಂಬುದೇ ಇರಲಿಲ್ಲ. ಹಾಗಾಗಿ ನಮ್ಮವರು ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಯಾವ ಮನೆಯಲ್ಲಿ ಯಾವ ತುಂಡು ಎಂಬ ಕೋಷ್ಟಕ ಶ್ರೀಲಿಪಿ ತಂತ್ರಾಂಶದಲ್ಲಿ ಒಂದು ಬಗೆ, ನುಡಿ ತಂತ್ರಾಂಶದಲ್ಲಿ ಇನ್ನೊಂದು. ನುಡಿಯಲ್ಲಿ ಬರೆದ 'ಕನ್ನಡ'ದ ಫಾಂಟು ತೆಗೆದು ನೋಡಿ: ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಎಸ್ಸೆಟ್, ಚಿಕ್ಕ ಕ್ಯೂ, ಕೊನೆಗೆ ಮತ್ತದೇ ಎ. ಅಂಗಡಿಯ ಕಂಪ್ಯೂಟರಿನಲ್ಲಿ ನುಡಿ ಫಾಂಟು ಇಲ್ಲದಿದ್ದರೆ ಕನ್ನಡ ಕಾಣುವುದು ಹೀಗೆಯೇ. 1998ರಲ್ಲಿ ಬಂದ 'ಬರಹ' ತಂತ್ರಾಂಶಕ್ಕೂ ನುಡಿಗೂ ಕೋಷ್ಟಕ ಹೊಂದಿಕೊಂಡದ್ದು ಡಿಟಿಪಿ ಅಂಗಡಿಯವರ ಪುಣ್ಯ.

2007ರ ವರ್ಡ್ 'ಡಾಕ್ಸ್' ಎಂಬ ಹೊಸ ಬಗೆಯ ಫೈಲು ತಂದಾಗ ಹೊಸ ರಗಳೆ. 2001ರಲ್ಲಿ ಬಂದ ಕೊನೆಯ ಆವೃತ್ತಿಯಾದ ಪೇಜ್‌ಮೇಕರ್ 7 ಅದನ್ನು ತೆರೆಯದು. 'ತೊಂಬತ್ತೇಳರ ವರ್ಡಿನಲ್ಲಿ ಸೇವ್ ಮಾಡ್ಕಂಡು ಬನ್ನಿ' ಎಂದು ಗಿರಾಕಿಯನ್ನು ವಾಪಸು ಕಳಿಸುವ ಕಾಲ ಶುರುವಾಯಿತು.

ಕನ್ನಡಕ್ಕೆ ತನ್ನದೇ ಮನೆಗಳಿರುವ ಯೂನಿಕೋಡ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದರು. ವರ್ಡಿನಲ್ಲಿ ಸರಿಹೋಯಿತು. ಅಡೋಬಿಯದೇ ಇನ್ನೊಂದು ಪುಟ ಜೋಡಿಸುವ ತಂತ್ರಾಂಶವಾದ ಇನ್‌ಡಿಸೈನಿಗೆ ತಂದಾಗ ಊರುಗಳೇ ಮುರಿದವು: ಸಿದ್ದಾಪುರ 'ಸಿದ್‌ದಾಪುರ', ಯಲ್ಲಾಪುರ 'ಯಲ್‌ಲಾಪುರ'. ಶಿರಸಿಗೆ ಒತ್ತಕ್ಷರವಿಲ್ಲ, ಅದು ಬಚಾವಾಗುತ್ತದೆ ಎಂದುಕೊಂಡರೆ ಅದರ ಗುಡಿಸೂ ಜಾಗ ತಪ್ಪೀತು. ಇನ್‌ಡಿಸೈನಿನಲ್ಲಿ ಸಾಲು ಜೋಡಿಸುವ ಮಾಮೂಲಿ ಕಂಪೋಸರಿಗೆ ಭಾರತೀಯ ಲಿಪಿಗಳ ಕೂಡುವಿಕೆ ತಿಳಿಯದು. 'ವರ್ಲ್ಡ್ ರೆಡಿ' ಕಂಪೋಸರನ್ನು ಆರಿಸಬೇಕು. ಅಡೋಬಿ 2012ರ ಸಿಎಸ್6ರಲ್ಲಿ ಭಾರತೀಯ ಲಿಪಿಗಳಿಗೆ ಬೆಂಬಲ ಸೇರಿಸಿತು, ಕನ್ನಡವೂ ಅದರಲ್ಲಿತ್ತು. ಒಂದು ಕ್ಲಿಕ್ಕಿನ ಕೆಲಸ. ಆದರೆ ಅದನ್ನು ಹೇಳಿಕೊಡುವವರು ಯಾರು? ಮೆನುವೆಲ್ಲ ಇಂಗ್ಲಿಷಿನಲ್ಲಿ.

ನನಗೆ ಸಿಟ್ಟು ಬರುವುದು ಬೇರೆಯದಕ್ಕೆ. ಆ ಹಳೆಯ ಕೋಷ್ಟಕಗಳಲ್ಲಿ ಕೂಡಿಟ್ಟ ಯಕ್ಷಗಾನ ಪ್ರಸಂಗಗಳು, ಅಭಿನಂದನ ಗ್ರಂಥಗಳು, ಸಂಘಗಳ ಇತಿಹಾಸ ಸಿಡಿಗಳಲ್ಲಿ ಬೂಸ್ಟು ಹಿಡಿಯುತ್ತಿವೆ. ಪರಿವರ್ತಕಗಳಿವೆ, ನಿಜ. ಆದರೆ ಕನ್ನಡದ ನಡುವೆ ಬಂದ ಇಂಗ್ಲಿಷ್ ಹೆಸರುಗಳನ್ನೂ ಅವು ಕನ್ನಡವೆಂದೇ ತಿಳಿದು ಕಲಸಿಬಿಡುತ್ತವೆ. ಕೂತು ತಿದ್ದುವವರು ಬೇಕು.

ಈ ಸಲ ವರದಿ ಕೊಡುವ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ: ವರ್ಡ್ ಫೈಲಿನ ಜೊತೆಗೆ ಪಿಡಿಎಫ್ ಪ್ರತಿಯನ್ನೂ ಕೊಡಿ, ಫಾಂಟಿನ ಹೆಸರನ್ನೂ ಬರೆದುಕೊಡಿ. ಒತ್ತು ಎಲ್ಲಿ ಕಳಚಿದೆ ಎಂದು ಆಪರೇಟರ್ ತಾಳೆ ನೋಡಿಕೊಳ್ಳುತ್ತಾರೆ.