ನಿಮಗಿದು ಗೊತ್ತೆ? ಪಾವಗಡದಲ್ಲಿ ಬಿಸಿಲೇ ಬೆಳೆ

ಮೂರು ಕಡೆ ಆಂಧ್ರ, ಮೇಲೆ ಸುಡುವ ಸೂರ್ಯ. ಬರಕ್ಕೆ ಹೆಸರಾದ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ‘ಶಕ್ತಿಸ್ಥಳ’ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. 2019ರ ಕೊನೆಗೆ ಪೂರ್ಣಗೊಂಡಿತು.

ಹಾಗಾದರೆ ಇಡೀ ದಿನ 2,050 ಮೆಗಾವಾಟ್ ಬರುತ್ತದೆಯೆ? ಇಲ್ಲ. ಅಷ್ಟೂ ಶಕ್ತಿಯಿಂದ 24 ಗಂಟೆ ನಡೆದರೆ ದಿನಕ್ಕೆ 4.92 ಕೋಟಿ ಯೂನಿಟ್ ಆಗಬೇಕು. ಆದರೆ ರಾತ್ರಿ ಸೊನ್ನೆ, ಬೆಳಿಗ್ಗೆ ಸಂಜೆ ಅಲ್ಪಸ್ವಲ್ಪ, ಮೋಡ ಕವಿದರೆ ಖೋತಾ. ನಮ್ಮ ಕಡೆಯ ಸೌರ ಸ್ಥಾವರಗಳು ವರ್ಷದ ಸರಾಸರಿಯಲ್ಲಿ ಇದರ ಐದನೇ ಒಂದರಿಂದ ಕಾಲುಭಾಗ ಕೊಟ್ಟರೆ ಅದೇ ಒಳ್ಳೆಯ ಇಳುವರಿ. ಆ ಲೆಕ್ಕದಲ್ಲಿ ಪಾವಗಡದ ಪಾಲು ದಿನಕ್ಕೆ ಒಂದು ಕೋಟಿ ಯೂನಿಟ್‌ನ ಆಸುಪಾಸು. ಕಡಿಮೆಯೇನಲ್ಲ!

ಇನ್ನೊಂದು ತಮಾಷೆ: ಫಲಕಗಳಿಗೆ ಬೇಕಿರುವುದು ಬೆಳಕು, ಸೆಕೆಯಲ್ಲ. ಫಲಕದ ತಾಪ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಉತ್ಪಾದನೆ ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. ದೂಳು ಕೂತರಂತೂ ಇನ್ನಷ್ಟು ನಷ್ಟ, ಆಗಾಗ ತೊಳೆಯಲೇಬೇಕು. ನೀರಿಲ್ಲದ ಸೀಮೆಯಲ್ಲಿ ಅದೂ ಒಂದು ತಲೆನೋವು.

ಫಲಕಗಳಿಂದ ಬರುವ ನೇರ ವಿದ್ಯುತ್ತನ್ನು ಇನ್ವರ್ಟರ್‌ಗಳು ಪರ್ಯಾಯ ವಿದ್ಯುತ್ತಾಗಿ ಬದಲಿಸುತ್ತವೆ. ಬಳಿಕ ಅದು 400 ಕಿಲೋವೋಲ್ಟ್ ಮಾರ್ಗಗಳ ಮೂಲಕ ಗ್ರಿಡ್ ಸೇರುತ್ತದೆ.

ಇಷ್ಟಾದರೂ ಇಲ್ಲಿ ರೈತರ ಜಮೀನನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆಯಲಾಗಿದೆ. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ.