ಅಜ್ಜನಿಗೊಂದು ಇಮೇಲ್, ನಡುವೆ ಅಮ್ಮನ ಕೆಂಪು ಗೆರೆ

ನೈರೋಬಿಯಲ್ಲಿ ಜಕರಾಂಡ ಮರಗಳು ಹೂ ಬಿಡುವ ಅಕ್ಟೋಬರ್ ತಿಂಗಳು. ನನ್ನ ಎಂಟು ವರ್ಷದ ಮಗಳು ಸಾಗರದಲ್ಲಿರುವ ಅಜ್ಜನಿಗೆ ಭಾನುವಾರದ ಇಮೇಲ್ ಬರೆಯುತ್ತಿದ್ದಳು. ವಾರಕ್ಕೊಂದು ಪತ್ರ, ಕನ್ನಡದಲ್ಲೇ, ಐದಾರು ಸಾಲಾದರೂ ಸಾಕು ಎನ್ನುವುದು ನಮ್ಮ ಮನೆಯ ಒಪ್ಪಂದ. ಶಾಲೆಯಲ್ಲಿ ಇಂಗ್ಲಿಷ್, ಸ್ವಾಹಿಲಿ ಕಲಿಯುವ ಅವಳಿಗೆ ಕನ್ನಡ ಬರೆಯಲು ನಿಜವಾದ ಕಾರಣ ಅಂತ ಇರುವುದು ಅಜ್ಜ ಒಬ್ಬರೇ.

ಅವಳು ಬರೆದಿದ್ದಳು: “ಅಜ್ಜ, ನಮ್ಮ ರಸ್ತೆ ನೇರಲೆ ಹಣ್ಣು ತಿಂದಿದೆ.”

ನಾನು ಸಂಶೋಧನೆಯ ಕೆಲಸದವಳು. ಸಹೋದ್ಯೋಗಿಗಳ ಲೇಖನಗಳನ್ನು ವರ್ಡ್‌ನಲ್ಲಿ ‘ಟ್ರ್ಯಾಕ್ ಚೇಂಜಸ್’ ಹಾಕಿಕೊಂಡು ತಿದ್ದುವುದು ನನಗೆ ದಿನನಿತ್ಯದ ಅಭ್ಯಾಸ. ಅದೇ ಕೈ ಇಲ್ಲೂ ಓಡಿತು. ಮಗಳ ಸಾಲು ಹೊಡೆದು “ನಮ್ಮ ರಸ್ತೆಯ ಮೇಲೆ ನೇರಳೆ ಬಣ್ಣದ ಹೂಗಳು ಬಿದ್ದಿವೆ” ಎಂದು ಬರೆದೆ. ಆರು ಸಾಲಿನ ಪತ್ರದಲ್ಲಿ ಹನ್ನೊಂದು ತಿದ್ದುಪಡಿ! ಅವಸರದಲ್ಲಿ ತಿದ್ದುಪಡಿಗಳನ್ನು ‘ಅಕ್ಸೆಪ್ಟ್’ ಮಾಡುವುದನ್ನು ಮರೆತು, ಕಡತವನ್ನು ಹಾಗೇ ಇಮೇಲ್‌ಗೆ ಲಗತ್ತಿಸಿ ಕಳಿಸಿಬಿಟ್ಟೆ.

ಅಪ್ಪ ಕಡತ ತೆರೆದಾಗ ಎರಡೂ ಕಂಡಿವೆ, ಅವಳ ಸಾಲೂ ಅದರ ಮೇಲೆ ನಾನೆಳೆದ ಗೆರೆಯೂ. ಸಂಜೆ ಫೋನ್ ಮಾಡಿದರು. “ನೀನು ಹೊಡೆದುಹಾಕಿದ ಸಾಲೇ ಚೆನ್ನಾಗಿತ್ತಲ್ಲೇ! ಇದು ಪತ್ರವೋ, ನಿನ್ನ ಆಫೀಸಿನ ವರದಿಯೋ?”

ನಾನು ನಕ್ಕೆ. ಆದರೆ ಮುಂದಿನ ಭಾನುವಾರ ಮಗಳು ಲ್ಯಾಪ್‌ಟಾಪ್ ನನ್ನ ಕಡೆ ತಳ್ಳಿ, “ಅಮ್ಮ, ನೀನೇ ಬರಿ. ಹೇಗೂ ನಿಂದೇ ಆಗತ್ತಲ್ಲ” ಅಂದಾಗ ನಗು ಬರಲಿಲ್ಲ. ಎರಡು ವಾರ ಪತ್ರವೇ ಹೋಗಲಿಲ್ಲ. ಅನಂತರ ನಾವು ಕೆಲವು ಪದ್ಧತಿ ಬದಲಿಸಿಕೊಂಡೆವು. ನಿಮ್ಮ ಮನೆಗೂ ಉಪಯೋಗವಾದೀತು.

ಮೊದಲು ಡಾಕ್ಯುಮೆಂಟ್, ಆಮೇಲೆ ಇಮೇಲ್. ಇಮೇಲ್ ಕಿಟಕಿಯಲ್ಲಿ ‘ಸೆಂಡ್’ ಗುಂಡಿ ಎದುರಿಗೇ ಕೂತಿರುತ್ತದೆ. ಮಕ್ಕಳಿಗೆ ಮುಗಿಸುವ ಆತುರ. ವರ್ಡ್ ಅಥವಾ ಗೂಗಲ್ ಡಾಕ್ಸ್‌ನಲ್ಲಿ ದೊಡ್ಡ ಅಕ್ಷರ ಇಟ್ಟು ಬರೆಯಲಿ. ಒತ್ತಕ್ಷರಗಳು ಸ್ಪಷ್ಟವಾಗಿ ಕಾಣಬೇಕಾದರೆ ಗಾತ್ರ 18 ಇದ್ದರೆ ಒಳ್ಳೆಯದು. ಇಮೇಲ್‌ಗೆ ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿದರೆ ಜಿಮೇಲ್‌ನಲ್ಲಿ ಬರೀ ಪಠ್ಯ ಬರುತ್ತದೆ, ಅಲಂಕಾರ ಬರುವುದಿಲ್ಲ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಡೂ ಸೆಂಡ್’ ಅವಧಿಯನ್ನು 30 ಸೆಕೆಂಡಿಗೆ ಏರಿಸಿಡಿ.

ಕೆಂಪು ಗೆರೆಯನ್ನು ಪೂರ್ತಿ ನಂಬಬೇಡಿ. ಕನ್ನಡದಲ್ಲಿ ಒಂದೇ ಪದಕ್ಕೆ ಪ್ರತ್ಯಯಗಳು ಸಾಲಾಗಿ ಅಂಟುತ್ತವೆ. ಮರ, ಮರಗಳು, ಮರಗಳಲ್ಲಿ, ಮರಗಳಲ್ಲಿರುವುದನ್ನೂ... ಇವನ್ನೆಲ್ಲ ಒಂದು ಪದಪಟ್ಟಿಯಲ್ಲಿ ತುಂಬಿಡುವುದು ಕಷ್ಟ. ಹಾಗಾಗಿ ಸ್ಪೆಲ್ ಚೆಕ್ ಸರಿಯಾದ ಪದಕ್ಕೂ ಗೆರೆ ಎಳೆಯಬಹುದು. ಮಗು ಅದನ್ನು ತನ್ನ ತಪ್ಪೆಂದೇ ತಿಳಿಯುತ್ತದೆ. ನಾವು ಬರೆಯುವಾಗ ಅದನ್ನು ಆರಿಸಿಟ್ಟು, ಮುಗಿದ ಮೇಲೆ ಒಟ್ಟಿಗೆ ಕೂತು ನೋಡುತ್ತೇವೆ.

ತಿದ್ದುಪಡಿ ಬೇಡ, ಟಿಪ್ಪಣಿ ಇರಲಿ. ‘ಕಾಮೆಂಟ್’ ಹಾಕಿದರೆ ಮಗುವಿನ ಸಾಲು ಹಾಗೇ ಉಳಿಯುತ್ತದೆ. “ಇಲ್ಲಿ ಲ ಬೇಕೋ, ಳ ಬೇಕೋ?” ಎಂದು ಕೇಳುತ್ತೇನೆ, ಬದಲಿಸುವುದು ಅವಳೇ. ವಾರಕ್ಕೆ ಒಂದೇ ಬಗೆಯ ತಪ್ಪು. ಅವಳು ‘ಫೈಂಡ್’ನಲ್ಲಿ ಲ ಹುಡುಕಿ ಒಂದೊಂದನ್ನೇ ಗಟ್ಟಿಯಾಗಿ ಓದುತ್ತಾಳೆ. ಆದರೆ ‘ರಿಪ್ಲೇಸ್ ಆಲ್’ ಒತ್ತಿದರೆ ‘ಹಲ್ಲಿ’ ಹೋಗಿ ‘ಹಳ್ಳಿ’ ಆದೀತು!

ಬ್ಯಾಕ್‌ಸ್ಪೇಸ್ ಕೂಡ ಮೇಷ್ಟ್ರೇ. ಯೂನಿಕೋಡ್‌ನಲ್ಲಿ ‘ಸ್ತ್ರೀ’ ಎಂಬ ಒಂದಕ್ಷರ ನಿಜಕ್ಕೂ ಆರು ಸಂಕೇತಗಳ ಸಾಲು: ಸ, ವಿರಾಮ, ತ, ವಿರಾಮ, ರ, ಈ ಸ್ವರದ ಗುಣಿತ. ವರ್ಡ್‌ನಲ್ಲಿ ಬ್ಯಾಕ್‌ಸ್ಪೇಸ್ ಒತ್ತುತ್ತ ಹೋದರೆ ಒಂದೊಂದೇ ಕಳಚುತ್ತದೆ. ಒತ್ತಕ್ಷರ ಹೇಗೆ ಹುಟ್ಟುತ್ತದೆಂದು ಮಗಳಿಗೆ ಅರ್ಥವಾದದ್ದು ಹೀಗೆ ಕಳಚಿ ನೋಡಿದಾಗಲೇ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡುವುದೂ ಇದೇ ಕ್ರಮದಲ್ಲಿ. ಕೈ ಸೋತ ದಿನ ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗ್ ಬಳಸಬಹುದು. ಅದರಲ್ಲಿ ಕನ್ನಡವೂ ಇದೆ.

ಅಜ್ಜ ಅಜ್ಜಿಯರ ಕಂಪ್ಯೂಟರನ್ನೂ ನೋಡಿ. ಅಪ್ಪನ ಮೊದಲ ಉತ್ತರ ಇಲ್ಲಿ ತೆರೆದಾಗ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಾರಣ, ಅವರು ನುಡಿಯ ಹಳೆಯ ಫಾಂಟಿನಲ್ಲಿ ಬರೆದು ನಕಲು ಮಾಡಿದ್ದರು. ಅಂಥ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತ, ಕನ್ನಡ ಇರುವುದು ಮೇಲಿನ ರೂಪದಲ್ಲಿ ಮಾತ್ರ. ಆ ಫಾಂಟ್ ಇಲ್ಲದ ಕಡೆ ಓದಲಾಗದು. ಹುಡುಕಾಟವೂ ಸ್ಪೆಲ್ ಚೆಕ್ಕೂ ನಡೆಯವು. ನುಡಿ, ಬರಹ ಎರಡರಲ್ಲೂ ಯೂನಿಕೋಡ್‌ನಲ್ಲೇ ಟೈಪ್ ಮಾಡುವ ಆಯ್ಕೆ ಇದೆ, ಹಳೆಯದನ್ನು ಪರಿವರ್ತಿಸುವ ಸಾಧನವೂ ಇದೆ. ರಜೆಗೆ ಊರಿಗೆ ಹೋದಾಗ ಹತ್ತು ನಿಮಿಷ ಕೂತು ಸರಿಮಾಡಿಕೊಟ್ಟು ಬನ್ನಿ.

ಇಷ್ಟೆಲ್ಲ ಆದಮೇಲೆ ಮೂರನೆಯ ಭಾನುವಾರ ಮಗಳು ಮತ್ತೆ ಬರೆದಳು. ಕಾಗುಣಿತ ತಪ್ಪು ನಾಲ್ಕಿದ್ದವು. ಒಂದಕ್ಕೆ ಮಾತ್ರ ಟಿಪ್ಪಣಿ ಹಾಕಿದೆ, ಅವಳು ತಿದ್ದಿದಳು, ಉಳಿದ ಮೂರು ಹಾಗೇ ಸಾಗರಕ್ಕೆ ಹೋದವು. ಇಲ್ಲಿ ಸಂಜೆ ಐದು, ಅಲ್ಲಿ ಏಳೂವರೆ. ಊಟಕ್ಕೆ ಮೊದಲೇ ಉತ್ತರ ಬಂತು: “ಪುಟ್ಟಿ, ನಿಮ್ಮ ರಸ್ತೆಗೆ ಹೊಟ್ಟೆ ತುಂಬಿತೋ, ಇನ್ನೂ ತಿನ್ನುತ್ತಿದೆಯೋ?”

ಅವಳು ಅದನ್ನು ತಾನೇ ಓದಿಕೊಂಡಳು. ಭಾನುವಾರದ ತನಕ ಕಾಯದೆ ಆಗಲೇ ಉತ್ತರ ಬರೆಯಲು ಕೂತಳು.